ಎರಡು ಪ್ಯಾರಿಷ್ಷಿನ ಮಂಚ

ಲಿಟಲ್ ಓರ್ಕಂಬ್‌ನಲ್ಲಿ ಪ್ರತಿ ಮೇ ತಿಂಗಳು ಊರವರೆಲ್ಲ ಪಾದ್ರಿಯ ಹಿಂದೆ ಹೊರಟು, ಪ್ಯಾರಿಷ್ಷಿನ, ಅಂದರೆ ತಮ್ಮ ಚರ್ಚಿಗೆ ಸೇರಿದ ಸೀಮೆಯ, ಎಲ್ಲೆ ಸುತ್ತಿ, ಗುರುತಿನ ಕಲ್ಲು ಮರಗಳಿಗೆ ಕೋಲಿನಿಂದ ಬಡಿದು ಬರುವುದು ಅಜ್ಜಂದಿರ ಕಾಲದ ಪದ್ಧತಿ. ಎಲ್ಲೆ ಹಳ್ಳಕ್ಕಿಳಿದರೆ ಇವರೂ ಹಳ್ಳಕ್ಕೆ. ಮುದುಕ ಜೇಬೆಜ್ ಟಫಿನ್‌ನ ಮನೆಗೆ ಎಲ್ಲೆ ಕಿಟಕಿಯಿಂದಲೇ ನುಗ್ಗುತ್ತಿತ್ತು. ಜನವೂ ಹಾಗೆಯೇ ನುಗ್ಗಿ, ಸೇಬಿನ ಮದ್ಯ ಸೈಡರ್ ಕುಡಿದು, ಬಾಗಿಲಿಂದ ಹೋಗುತ್ತಿದ್ದರು. ಒಳಗೆ ಎಲ್ಲೆ ಎಲ್ಲಿ ಹಾಯುತ್ತದೆಂದು ಯಾವ ಪುಣ್ಯಾತ್ಮನೂ ಕೇಳಿರಲಿಲ್ಲ.

ಈ ಸಲದ ಪಾದ್ರಿ ಹೊಸಬ. ನಕ್ಷೆ ಬಿಡಿಸಿ, ಕಿಟಕಿಯಿಂದ ಹಿಂಗೋಡೆಗೆ ದಾರ ಕಟ್ಟಿಸಿದ. ಅಲುಗಾಡದಂತೆ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ ಮಂಚದ ನಟ್ಟನಡುವೆ, ದಾರ ಉದ್ದಕ್ಕೂ ಹಾದುಹೋಯಿತು.

"ನೀವು ಯಾವ ಕಡೆ ಮಲಗೋದು, ಟಫಿನ್?"

"ಗೋಡೆ ಕಡೆ. ಐವತ್ತು ವರ್ಷದಿಂದ."

"ಅದು ಆಶ್‌ವೆಲ್ ಪ್ಯಾರಿಷ್ಷು."

"ಅಯ್ಯಯ್ಯೋ!" ಪಕ್ಕದ ಮನೆಯ ಡಾರ್ಕಸ್ ಕೂಗಿದಳು. "ಅಂದ್ರೆ ತಾತಾ, ಐವತ್ತು ವರ್ಷ ಪಕ್ಕದೂರಿನ ಹೆಂಗ್ಸನ್ನ ತಬ್ಕೊಂಡು ಮಲಗಿದ್ಯಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಜೇಬೆಜ್ ಮಾತ್ರ ನಗಲಿಲ್ಲ. ಚರ್ಚಿನಂಗಳದಲ್ಲಿ ಉಳಿದದ್ದು ಏಳೆಂಟು ಗೋರಿಗಳ ಜಾಗ. ಅದೂ ರಾತ್ರಿ ಈ ಪ್ಯಾರಿಷ್ಷಿನಲ್ಲಿ ಮಲಗುವವರಿಗೆ ಮಾತ್ರ. ಎರಡು ವರ್ಷದ ಹಿಂದೆ ಹೆಂಡತಿ ಕೆಜಾಯಾಳನ್ನು ಅಲ್ಲೇ ಮಣ್ಣು ಮಾಡಿ, ಪಕ್ಕದ ಜಾಗ ತನಗೆಂದು ಅವನು ಧೈರ್ಯವಾಗಿದ್ದ. ಆಶ್‌ವೆಲ್ ಚರ್ಚು ಇರುವುದು ಗುಡ್ಡದಾಚೆ, ನಾಲ್ಕು ಮೈಲಿ ದೂರ.

ಅವನ ಮುಖ ನೋಡಿ ಪಾದ್ರಿಗೂ ಕಸಿವಿಸಿಯಾಯಿತು. "ಈ ಕಡೆ ಸರಿದು ಮಲಗಿಬಿಡಿ, ಅಷ್ಟೇ. ಆಗ ನೀವು ನಮ್ಮವರೇ."

"ಅದು ಅವಳ ಜಾಗ."

"ಅವರು ಈಗ..."

"ಗೊತ್ತು ಪಾದ್ರಿಗಳೇ! ನನಗೇ ಹೇಳಕ್ಕೆ ಬರ್ತೀರಲ್ಲ!"

ಎರಡು ವರ್ಷದಿಂದ ಆ ಕಡೆಗೆ ಅವನು ಕೈ ಕೂಡ ಚಾಚಿರಲಿಲ್ಲ. ಅಲ್ಲಿಗೆ ಸರಿದರೆ ಅವಳು ಇಲ್ಲವೆಂದು ತಾನೇ ಒಪ್ಪಿಕೊಂಡಂತೆ ಎಂಬ ಭಯ, ಪಾಪ.

ಡಾರ್ಕಸ್ ಹತ್ತಿರ ಬಂದು ತೋಳು ಹಿಡಿದಳು. "ಅಲ್ಲಿ ಅವಳ ಪಕ್ಕ ಮಲಗ್ಬೇಕಂದ್ರೆ, ಇಲ್ಲಿ ಅವಳ ಜಾಗದಲ್ಲಿ ಮಲಗ್ಬೇಕಾಗತ್ತೆ ತಾತಾ. ಹೂಂ, ನಡಿ."

ಜೇಬೆಜ್ ಬೂಟು ಕಳಚಿ ಪಕ್ಕಕ್ಕಿಟ್ಟ. ಊರಿಗೆ ಊರೇ ನೋಡುತ್ತಿದ್ದಂತೆ ದಾರದ ಈಚೆಗೆ ಮೈ ಚಾಚಿದ. ಹಾಸಿಗೆ ಅಲ್ಲಿ ಕೊಂಚ ತಗ್ಗಾಗಿತ್ತು. ಮುದುಕನ ಕಣ್ಣು ತುಂಬಿ ಬಂತು.

"ಕೋಪ ಮಾಡ್ಕೋಬೇಡ್ವೇ," ಎಂದ ಮೆಲ್ಲಗೆ. "ನಿನ್ನ ಹತ್ರ ಬರೋಕೇ ಇದು."