ಬೆನ್ನು ತಿರುಗಿಸಿದ ಬಾಣ

ಆವತ್ತಿನ ಮಾದರಿ ಪಾಠ ಒಪ್ಪಿಗೆಯಾದರೆ ಕಾಲೇಜಿನಲ್ಲಿ ನನಗೆ ಕಾಯಂ ಕೆಲಸ. ಇಲ್ಲದಿದ್ದರೆ ಮತ್ತೆ ಮನೆಪಾಠವೇ ಗತಿ. ಹೊರಡುವಾಗ ಅತ್ತೆ, "ನೋಡಮ್ಮ, ಯಾರು ಏನಂದ್ರೂ ಮುಖಕ್ಕೆ ಹೊಡೆದ ಹಾಗೆ ಮಾತಾಡ್ಬೇಡ," ಎಂದಿದ್ದರು. ಮೂಗಿನ ತುದಿಯಲ್ಲೇ ಇರುವ ನನ್ನ ಕೋಪ ಅವರಿಗೆ ಗೊತ್ತು.

ಮುಂದೆ ಹೊಸ ವಿದ್ಯಾರ್ಥಿಗಳು. ಹಿಂದಿನ ಬೆಂಚಿನಲ್ಲಿ, ನನ್ನನ್ನು ಆರಿಸಬೇಕಾದ ವಿಭಾಗದ ಮುಖ್ಯಸ್ಥರು.

"ಹಿಲ್ಬರ್ಟ್ ಸ್ಪೇಸ್ ಅಂತ ಹೆಸರು ಕೇಳಿ ಗಾಬರಿ ಬೀಳ್ಬೇಡಿ," ಎಂದೆ. "ಉದ್ದ, ಕೋನ ಅಳೆಯೋಕೆ ಬರೋ ಬಾಣಗಳ ಜಾಗ ಅಂದ್ಕೊಳ್ಳಿ, ಸದ್ಯಕ್ಕೆ ಸಾಕು. ಆಪರೇಟರ್ ಒಂದು ಬಾಣ ಇಸ್ಕೊಂಡು ಇನ್ನೊಂದು ಕೊಡುತ್ತೆ. ಚಿಕ್ಕದಾದ್ರೆ ಅದನ್ನ ಅಂಕಿಗಳ ಒಂದು ಚೌಕವಾಗಿ ಬರೀಬಹುದು. ಯಾವ ಬಾಣ ಕೊಟ್ರೂ, ಹೊರಗೆ ಬಂದದ್ದು ಮೊದಲಿನದಕ್ಕೆ ಬೆನ್ನು ತಿರುಗಿಸಬಾರದು. ಹಾಗಿದ್ರೆ ಆ ಆಪರೇಟರ್ ಪಾಸಿಟಿವ್."

ಕಿಟಕಿ ಪಕ್ಕದ ಹುಡುಗಿ ಕೈಯೆತ್ತಿದಳು. "ಮೇಡಂ, ಒಳಗಿರೋ ಅಂಕಿಗಳೆಲ್ಲ ಪಾಸಿಟಿವ್ ಇದ್ರೆ ಆಯ್ತಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮುಖ್ಯಸ್ಥರು, "ಆಯ್ತಮ್ಮ, ಅಷ್ಟಿದ್ರೆ ಸಾಕು. ಮೇಡಂ, ನೀವು ಮುಂದೆ ಹೋಗಿ," ಎಂದರು.

ಅಯ್ಯೋ ದೇವರೇ! ಹುಡುಗಿ ಆ ತಪ್ಪನ್ನೇ ಬರೆದುಕೊಳ್ಳತೊಡಗಿದಳು. ನನಗೆ ಕೆಲಸ ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಅವಳ ಪೆನ್ನು ಓಡುವುದನ್ನು ನೋಡುತ್ತ ಸುಮ್ಮನಿರಲಾಗಲಿಲ್ಲ.

"ತಡಿಯಮ್ಮ, ಬರೀಬೇಡ. ಇಲ್ಲಿ ಬಾ." ಬೋರ್ಡಿನ ಮೇಲೆ ಒಂದು, ಎರಡು, ಅದರ ಕೆಳಗೆ ಎರಡು, ಒಂದು ಎಂದು ಬರೆದೆ. "ಎಲ್ಲಾ ಪಾಸಿಟಿವ್ ತಾನೆ? ಈಗ ಇದಕ್ಕೆ ಒಂದು, ಮೈನಸ್ ಒಂದು ಅನ್ನೋ ಬಾಣ ಕೊಡು."

ಅವಳು ಗುಣಿಸಿ ಕೂಡಿದಳು. ಮೈನಸ್ ಒಂದು, ಒಂದು ಬಂತು. ಎರಡೂ ಬಾಣಗಳನ್ನು ಗೀಚಿ, "ಮೇಡಂ, ಪೂರ್ತಿ ಹಿಂದಕ್ಕೆ ತಿರುಗಿಬಿಡ್ತು!" ಎಂದಳು. ಯಾರೋ ಕಿಸಕ್ಕೆಂದರು. ಮುಖ್ಯಸ್ಥರು ಬೋರ್ಡನ್ನೇ ದಿಟ್ಟಿಸುತ್ತಿದ್ದರು. ಹೇಗೋ ಪಾಠ ಮುಗಿಸಿದೆ.

ಎಲ್ಲರೂ ಹೋದ ಮೇಲೆ ಅವರು ಹತ್ತಿರ ಬಂದರು. "ಆಮೇಲೆ ನನ್ನ ರೂಮಲ್ಲಿ ಹೇಳಬಹುದಿತ್ತಲ್ವಾ?"

ಅತ್ತೆಯ ಮಾತು ನೆನಪಿತ್ತು. ಆದರೂ ಬಾಯಿ ಕೇಳಬೇಕಲ್ಲ. "ನಿಮಗೆ ಹೇಳಬಹುದಿತ್ತು ಸರ್. ಅಷ್ಟರಲ್ಲಿ ಮಕ್ಕಳೆಲ್ಲ ತಪ್ಪನ್ನೇ ಬರ್ಕೊಂಡು ಹೋಗಿರ್ತಿದ್ರು."

ಅವರು ಮತ್ತೆ ಬೋರ್ಡಿನ ಕಡೆ ತಿರುಗಿದರು. ನಾನು ಬ್ಯಾಗು ಹೆಗಲಿಗೇರಿಸಿಕೊಂಡೆ. ಮನೆಪಾಠವೇ ಗಟ್ಟಿ ಅಂದುಕೊಂಡೆ.

"ಸೋಮವಾರದಿಂದ ಬನ್ನಿ," ಎಂದರು, ಬೋರ್ಡಿನ ಕಡೆಗೇ ನೋಡುತ್ತ. "ಈ ಪಾಠ ಇಷ್ಟು ವರ್ಷ ನಾನೇ ಮಾಡ್ತಿದ್ದೆ. ಇನ್ಮೇಲೆ ನೀವು ಮಾಡಿ."