ಸ್ಕಿನ್‌ಫ್ಲಿಂಟ್ ಬೀಗತಿ

ಬೀಗರ ಹಾಡಿನಲ್ಲಿ ಗೆಲ್ಲಲೇಬೇಕೆಂದು ದಾನೇಶ್ವರಿ ಎಂಟು ದಿನದಿಂದ ತಯಾರಿ ನಡೆಸಿದ್ದಳು. ಸುಮ್ಮನೆ ಹಟಕ್ಕಲ್ಲ. ಮಸೂತಿಯ ಈ ಮನೆಗೆ ನಿನ್ನೆಯಷ್ಟೇ ಸೊಸೆಯಾಗಿ ಬಂದಿದ್ದ ಅವಳ ತಂಗಿ ಭಾಗ್ಯಜ್ಯೋತಿಗೆ ಬಿ.ಎ. ಮುಗಿಸಲು ಇನ್ನೂ ಒಂದು ವರ್ಷವಿತ್ತು. ಅತ್ತೆ ಇಂದುಬಾಯಿ ಮಾತುಕತೆಯ ದಿನವೇ "ಕಲತದ್ದು ಸಾಕು" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಆದರೆ ಈ ಎರಡೂ ಮನೆತನಗಳಲ್ಲಿ ಒಂದು ಪದ್ಧತಿ. ಮದುವೆಯ ಮರುದಿನ ಹೆಂಗಸರು ಎದುರುಬದುರು ಕೂತು ಬೀಗರನ್ನು ಹಾಡಿನಲ್ಲಿ ಚುಡಾಯಿಸಬೇಕು, ಮರುಮಾತು ಹೊರಡದವರು ಸೋತಂತೆ. ಗೆದ್ದವಳು ಉಡಿಯೊಡ್ಡಿ ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ದಾನೇಶ್ವರಿ ಕೇಳಬೇಕೆಂದಿದ್ದುದು ಒಂದೇ, ತಂಗಿಯ ಕಾಲೇಜು.

ಚುಡಾಯಿಸಲು ವಿಷಯಕ್ಕೇನೂ ಬರವಿರಲಿಲ್ಲ. ಇಂದುಬಾಯಿ ಎಂಜಲು ಕೈಯಲ್ಲಿ ಕಾಗೆ ಓಡಿಸದ ಹೆಂಗಸು. ನಿಶ್ಚಯದ ಊಟದಲ್ಲಿ ಹೋಳಿಗೆಯನ್ನು ನಾಲ್ಕು ತುಂಡು ಮಾಡಿ ಬಡಿಸಿದವಳು.

ಪಡಸಾಲೆ ತುಂಬಿತು. ಝಳಕಿಯಿಂದ ಎರಡು ಕ್ರೂಸರ್ ಗಾಡಿ ತುಂಬ ಬಂದಿದ್ದ ಹೆಣ್ಣಿನ ಕಡೆಯವರು ಒಂದು ಗೋಡೆಗೆ, ಮಸೂತಿಯವರು ಇನ್ನೊಂದು ಗೋಡೆಗೆ. ದಾನೇಶ್ವರಿ ಸೆರಗು ಸಿಕ್ಕಿಸಿ ಶುರು ಹಚ್ಚಿದಳು.

"ಬೀಗತಿ ಬಡಿಸಿದ ತುಪ್ಪ ಎಲ್ಲೈತಿ ಹೇಳ್ರಿ,
ಚಮಚದ ನೆರಳ ಹೋಳಗಿ ಮ್ಯಾಲ ಬಿದ್ದೈತಿ ನೋಡ್ರಿ."

ನಗೆ ಎದ್ದಿತು. ಇಂದುಬಾಯಿಯ ನಾದಿನಿ ಜಯಮಾಲಾ ಉಸಿರು ಬಿಡಲೂ ಬಿಡದೆ ತಿರುಗಿಸಿದಳು.

"ಝಳಕಿ ಬೀಗರ ಮಾತ ನೋಡ್ರಿ ಊರಿಗಿಂತ ದೊಡ್ಡದು,
ತಂದ ಬುಟ್ಟ್ಯಾಗ ಉಂಡಿಗಿಂತ ಸುತ್ತಿದ ಹಾಳಿ ದೊಡ್ಡದು."

ಅರ್ಧ ಗಂಟೆ ಹೀಗೇ ಜಿದ್ದಾಜಿದ್ದಿ ನಡೆಯಿತು. ಯಾರೂ ಸೋಲುವಂತೆ ಕಾಣಲಿಲ್ಲ. ಆದರೂ ದಾನೇಶ್ವರಿಗೆ ಒಳಗೊಳಗೇ ಖುಷಿ. ಅಸಲಿ ಅಸ್ತ್ರ ಇನ್ನೂ ಅವಳ ಬತ್ತಳಿಕೆಯಲ್ಲೇ ಇತ್ತು. ಇಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವಳು, ಜಿಪುಣರನ್ನು ಬೈಯಲು ಇಂಗ್ಲಿಷಿನವರು ಮೂರು-ನಾಲ್ಕು ನೂರು ವರ್ಷದ ಹಿಂದೆ ಬಳಸುತ್ತಿದ್ದ ಶಬ್ದಗಳನ್ನು ಹಳೆಯ ಡಿಕ್ಷನರಿಯಿಂದ ಹೆಕ್ಕಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮಸೂತಿಯ ಪಡಸಾಲೆಯಲ್ಲಿ ಅದಕ್ಕೆ ಉತ್ತರ ಕೊಡುವವರು ಯಾರಿದ್ದಾರು?

"ಸ್ಕಿನ್‌ಫ್ಲಿಂಟ್ ನಮ್ಮ ಬೀಗತಿ, ಮಕ್‌ವರ್ಮ್ ನಮ್ಮ ಬೀಗತಿ," ಎಂದು ಅದೇ ಧಾಟಿಯಲ್ಲಿ ಎತ್ತಿದಳು. "ಲಿಕ್‌ಪೆನ್ನಿ ನಮ್ಮ ಬೀಗತಿ."

ಜಯಮಾಲಾ ಕಕ್ಕಾಬಿಕ್ಕಿಯಾದಳು. "ಇದಕ್ಕ ನಾವೇನ್ ಹಾಡೂಣ್ರಿ? ಬೈದಾಳೋ ಹೊಗಳ್ಯಾಳೋ, ಅದ ತಿಳಿವಲ್ದು."

ಝಳಕಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಭಾಗ್ಯಜ್ಯೋತಿ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅಷ್ಟರಲ್ಲಿ ಮೂಲೆಯಲ್ಲಿ ಕೂತು, ಉಳಿದ ವೀಳ್ಯದೆಲೆಯಲ್ಲಿ ಬಾಡದ್ದನ್ನು ಆರಿಸುತ್ತಿದ್ದ ಇಂದುಬಾಯಿ ತಲೆ ಎತ್ತಿದಳು.

"ಬೈದಾಳ," ಎಂದಳು. "ಸ್ಕಿನ್‌ಫ್ಲಿಂಟ್ ಅಂದ್ರ ಚಕಮಕಿ ಕಲ್ಲಿನ ತೊಗಲನೂ ಸುಲಿಯಾಕಿ. ಮಕ್‌ವರ್ಮ್ ಅಂದ್ರ ತಿಪ್ಪ್ಯಾಗಿನ ಹುಳ." ಆಮೇಲೆ ಎಲೆ ಕೆಳಗಿಟ್ಟು, ಕಂಠ ಸರಿಮಾಡಿಕೊಂಡು ಹಾಡಿಯೇಬಿಟ್ಟಳು. "ನಿಪ್‌ಫಾರ್ದಿಂಗ್ ಝಳಕಿ ಬೀಗರು, ಪುಡಿಕಾಸನೂ ಚಿವುಟೋರು."

ದಾನೇಶ್ವರಿಗೆ ಮೈ ಜುಮ್ಮೆಂದಿತು. ಪಿಂಚ್‌ಫಿಸ್ಟ್ ಎಂದು ಎಸೆದಳು, ಚೀಸ್‌ಪೇರರ್ ಎಂದು ಉತ್ತರ ಬಂತು. ಹಂಕ್ಸ್ ಎಂದಳು, ಪೆನ್ನಿಫಾದರ್ ಎಂದು ತಿರುಗಿ ಬಂತು. ಅರ್ಥವಾಗದಿದ್ದರೂ ಎರಡೂ ಕಡೆಯವರು ಪ್ರತಿ ಬೈಗುಳಕ್ಕೂ ಕೇಕೆ ಹಾಕುತ್ತಿದ್ದರು. ಇಷ್ಟು ಸೊಗಸಾಗಿ ಬೈಸಿಕೊಂಡದ್ದು ದಾನೇಶ್ವರಿಗೆ ಹುಟ್ಟಿದ ಮೇಲೆ ಇದೇ ಮೊದಲು.

"ಅತ್ತಿಯವರ, ಇದೆಲ್ಲಾ ಎಲ್ಲಿ ಕಲತ್ರಿ?" ಎಂದು ಕೇಳಿದಳು.

"ವಿಜಾಪುರದಾಗ, ಇಂಗ್ಲಿಷ್ ತಗೊಂಡು ಬಿ.ಎ. ಓದಾಕ ಹೋದಾಗ. ಕಡೀ ವರ್ಷ ಲಗ್ನ ಮಾಡಿ ಇಲ್ಲಿ ತಂದು ಬಿಟ್ರು." ಇಂದುಬಾಯಿ ಅವಳನ್ನೇ ನೋಡಿದಳು. "ಈಗ ಕಡೀ ಪ್ರಶ್ನಿ, ದಾನೇಶ್ವರಿ. ತನಗ ಸಿಗಲಾರದ್ದು ಇನ್ನೊಬ್ಬಾಕಿಗೂ ಸಿಗಬಾರದು ಅಂತ ಅಡ್ಡ ಮಲಗಿದಾಕಿಗೆ ಏನಂತಾರ? ಹೇಳಿದಿ ಅಂದ್ರ ನೀ ಗೆದ್ದಿ."

ದಾನೇಶ್ವರಿಗೆ ಗೊತ್ತಿತ್ತು. ಡಾಗ್ ಇನ್ ದ ಮೇಂಜರ್, ಅಂದರೆ ಗೋದಲಿಯಲ್ಲಿ ಮಲಗಿ, ತಾನೂ ಹುಲ್ಲು ತಿನ್ನದೆ ದನಕ್ಕೂ ತಿನ್ನಗೊಡದ ನಾಯಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ತಂಗಿಯ ಕಾಲೇಜು ಕೈಗೆ ಸಿಗುತ್ತದೆ. ಭಾಗ್ಯಜ್ಯೋತಿಯ ಉಗುರು ಅವಳ ಅಂಗೈಗೆ ಒತ್ತುತ್ತಿತ್ತು. ಆದರೆ ತುಂಬಿದ ಪಡಸಾಲೆಯಲ್ಲಿ ತನ್ನ ತಪ್ಪನ್ನು ತಾನೇ ಹೊರಗಿಟ್ಟ ಹೆಂಗಸನ್ನು ನಾಯಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ತಂಗಿಯ ಮುಖ ನೋಡುವ ಧೈರ್ಯವಾಗಲಿಲ್ಲ.

"ಗೊತ್ತಿಲ್ರಿ. ನಾ ಸೋತೆ."

ಮಸೂತಿಯವರು ಹೋ ಎಂದರು. ಇಂದುಬಾಯಿ ಎದ್ದು ಬಂದು, ದಾನೇಶ್ವರಿಯ ಮುಂದೆ ಕೂತು ಸೆರಗು ಹಿಡಿದು ಉಡಿಯೊಡ್ಡಿದಳು.

"ಸುಳ್ಳ ಹೇಳಿದಿ. ಇರಲಿ, ಗೆದ್ದಾಕಿ ನಾ. ನನ್ನ ಸೊಸಿ ಕಡೀ ವರ್ಷದ ಪರೀಕ್ಷಾ ಬರೀಬೇಕು. ಆಕಿ ಮಗ್ಗಲಕ್ಕ ಕುಂತು ನಾನೂ ಬರೀತೇನಿ. ನಮ್ಮಿಬ್ಬರಿಗೂ ನೀನ ಕಲಿಸಬೇಕು."

ಭಾಗ್ಯಜ್ಯೋತಿ ಅಳುತ್ತಲೇ ನಕ್ಕಳು. ದಾನೇಶ್ವರಿ ಕಣ್ಣೊರೆಸಿಕೊಂಡು, "ನಾಳೆನ ಇಬ್ಬರಿಗೂ ಪುಸ್ತಕ ಕಳಸ್ತೇನ್ರಿ," ಎಂದಳು.

"ಎರಡ್ಯಾಕ ಬೇಕು?" ಎಂದಳು ಇಂದುಬಾಯಿ. "ಒಂದ ಕಳಸು. ಅತ್ತಿ-ಸೊಸಿ ಕೂಡಿ ಓದತೀವಿ."