ಮುಖ ತಿರುಗಿಸುವ ಕಪಿಲೆ

ಪುಣೆಯ ಚಿಂಚವಾಡ ಸ್ಟೇಷನ್ನಿನಿಂದ ಕೂಗಳತೆಯಲ್ಲಿದ್ದ ಸದಾನಂದರ ಹೋಟೆಲಿನ ಹಿತ್ತಲಲ್ಲಿ ಒಂದು ಹಸು ಇತ್ತು. ಅದಕ್ಕೆ ಕೊಂಬಿರಲಿಲ್ಲ, ಬಾಲವೂ ಇರಲಿಲ್ಲ. ಕರಿಬಣ್ಣ ಬಳಿದ ಒಂದು ಕಬ್ಬಿಣದ ತೊಟ್ಟಿ, ಅದರೊಳಗೆ ಬೋರಲು ಕವುಚಿದ ಒಂದು ಡ್ರಮ್ಮು, ಅಷ್ಟೆ. ಹೋಟೆಲಿನ ಹಸಿ ಕಸವೆಲ್ಲ ಒಂದು ಕೊಳವೆಯ ಬಾಯಿಯಿಂದ ತೊಟ್ಟಿಗೆ ಇಳಿಯುತ್ತಿತ್ತು. ಒಳಗೆ ಅದು ಕೊಳೆತು ಗ್ಯಾಸು ಹುಟ್ಟಿದಂತೆ ಡ್ರಮ್ಮು ಮೆಲ್ಲಗೆ ಮೇಲೇಳುತ್ತಿತ್ತು. ಆ ಗ್ಯಾಸಿನಿಂದ ಬೆಳಗಿನ ಇಡ್ಲಿಯ ಒಲೆ ಉರಿಯುತ್ತಿತ್ತು.

ಅದನ್ನು ಮೊದಲು ಹಸು ಎಂದು ಕರೆದವಳು ರಂಜಿನಿಯೇ. ನಂಜನಗೂಡಿನ ಶ್ರೀಕಂಠಯ್ಯನವರ ಮಗಳು. ಐಟಿಐ ಮುಗಿಸಿ ಪುಣೆಗೆ ಬಂದು, ಭೋಸರಿಯಲ್ಲಿ ಮಧುಕರನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿ, ಸಂಜೆ ತರಗತಿಗಳಲ್ಲಿ ಡಿಪ್ಲೊಮಾ ಮಾಡಿಕೊಂಡವಳು. ಈ ತೊಟ್ಟಿಯ ನಕ್ಷೆ ಅವಳದು. ಅದನ್ನು ಕೂರಿಸಿದ ದಿನ ಸದಾನಂದರ ಹೆಂಡತಿ ರಾಜೀವಿಗೆ ಅವಳು ಹೀಗೆ ಹೇಳಿದ್ದಳು: "ಇದನ್ನ ಒಂದು ಹಸು ಅಂದ್ಕೊಳ್ಳಿ ರಾಜೀವಕ್ಕ. ಹೊಟ್ಟೆಗೆ ಹಾಕಿದ್ದನ್ನ ಅರಗಿಸ್ಕೊಂಡು ಗ್ಯಾಸ್ ಕೊಡುತ್ತೆ. ದಿನಾ ಹೊತ್ತಿಗೆ ಸರಿಯಾಗಿ ಹಾಕಿ. ಮೂಳೆ, ಪ್ಲಾಸ್ಟಿಕ್ಕು ಹಾಕ್ಬೇಡಿ."

ರಾಜೀವಿ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡರು. ಮಾರನೆಯ ದಿನವೇ ತೊಟ್ಟಿಗೆ ಕಪಿಲೆ ಎಂದು ಹೆಸರಿಟ್ಟರು. ತರಕಾರಿ ಸಿಪ್ಪೆ, ಉಳಿದ ಅನ್ನ, ಪಲ್ಯ ಎಲ್ಲವನ್ನೂ ನುಣ್ಣಗೆ ಹಿಚುಕಿ ಕಪಿಲೆಗೆ ಉಣಿಸುವುದು ಅವರದೇ ಕೆಲಸವಾಯಿತು. ಬೇರೆಯವರು ಕೈ ಹಾಕಿದರೆ ಬೈಯುತ್ತಿದ್ದರು. ಸೊಳ್ಳೆ, ನೊಣ, ಹಿತ್ತಲ ನಾತ ಎಲ್ಲ ಮಾಯವಾದವು. ತೊಟ್ಟಿಯಿಂದ ಹೊರಬಂದ ರಾಡಿ ನೀರಿಗೆ ಗೋಡೆಯ ಪಕ್ಕದ ಬಸಳೆ ಚಪ್ಪರ ಹತ್ತಿಕೊಂಡು ಹೋಯಿತು.

ಇಷ್ಟಾದರೂ ರಂಜಿನಿಗೆ ನೆಮ್ಮದಿ ಇರಲಿಲ್ಲ. ಅವಳ ಸ್ವಭಾವವೇ ಹಾಗೆ. ವಾಲ್ವು ಮುಚ್ಚಿ ಗೇಟಿನವರೆಗೆ ಹೋದವಳು, ಮುಚ್ಚಿದೆನೋ ಇಲ್ಲವೋ ಎಂದು ತಿರುಗಿ ಬರುತ್ತಿದ್ದಳು. ಮುಚ್ಚಿಯೇ ಇರುತ್ತಿತ್ತು. ಮಧುಕರ ಸೊಲ್ಲಾಪುರದ ಕಡೆಯವನು, ಮಾತಿಗೆ ಹಿಡಿತವಿಲ್ಲದವನು. "ನಿನ್ನ ವೆಲ್ಡಿಂಗ್ ಗಟ್ಟಿ ಅದನವಾ," ಎನ್ನುತ್ತಿದ್ದ, "ನೀನ ಸಡ್ಲ ಇದ್ದಿ."

ಆದರೆ ಈ ಸಲದ ಆತಂಕಕ್ಕೆ ಕಾರಣವಿತ್ತು. ರಾಜೀವಿಯ ತಮ್ಮ ಲತೇಶ್ ಕಾತ್ರಜದಲ್ಲಿ ಸಾತಾರಾ ರಸ್ತೆಯ ಬಸ್ಸುಗಳು ನಿಲ್ಲುವ ಕಡೆ ದೊಡ್ಡ ಹೋಟೆಲು ನಡೆಸುತ್ತಿದ್ದ. ದೀಪಾವಳಿ ಪಾಡ್ಯದ ಮಾರನೆಯ ದಿನ, ಅಕ್ಕ ತಮ್ಮನಿಗೆ ಆರತಿ ಎತ್ತುವ ಭಾವುಬೀಜಿಗೆ ಅಕ್ಕನ ಮನೆಗೆ ಬರುವವನು, ಜೊತೆಗೆ ಇನ್ನಿಬ್ಬರು ಹೋಟೆಲಿನವರನ್ನೂ ಕರೆತಂದು ಕಪಿಲೆಯನ್ನು ನೋಡುವುದೆಂದು ಮಾತಾಗಿತ್ತು. ಅವರು ಒಪ್ಪಿದರೆ ಇಂಥ ತೊಟ್ಟಿಗಳು ಊರಿನ ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತವೆ. ಒಪ್ಪದಿದ್ದರೆ ಮಧುಕರ ಮತ್ತೆ ಕಿಟಕಿಯ ಗ್ರಿಲ್ಲು, ನೀರಿನ ಟ್ಯಾಂಕು ಮಾಡಿಕೊಂಡಿರುತ್ತಾನೆ, ರಂಜಿನಿ ಬೇರೆಯವರ ನಕ್ಷೆ ನೋಡಿ ಕಬ್ಬಿಣ ಕತ್ತರಿಸಿಕೊಂಡಿರುತ್ತಾಳೆ. ಮಧುಕರ ಅದನ್ನು ಮುಚ್ಚುಮರೆ ಇಲ್ಲದೆ ಹೇಳಿದ್ದ.

ಪಾಡ್ಯದ ದಿನ ಮಧ್ಯಾಹ್ನ ಸದಾನಂದರ ಫೋನು ಬಂತು.

"ರಂಜಿನೀ, ನಿನ್ನ ಕಪಿಲೆ ಭಾರೀ ಮೈ ತುಂಬಿಕೊಂಡಿದ್ದಾಳೆ ಮಾರಾಯ್ತಿ. ಡ್ರಮ್ಮು ನನ್ನ ಎದೆಮಟ್ಟಕ್ಕೆ ಬಂದುಂಟು. ಇಷ್ಟು ಎತ್ತರ ಯಾವತ್ತೂ ಬರಲಿಲ್ಲ."

"ಒಳ್ಳೇದಾಯ್ತಲ್ಲ ಸದಾನಂದಣ್ಣ."

"ಒಳ್ಳೆಯದೇ. ಆದರೆ ಒಲೆ ಮಾತ್ರ ಹಿಡಿಯುವುದಿಲ್ಲ. ಕಡ್ಡಿ ಗೀರಿದರೆ ಕಡ್ಡಿಯೇ ಆರ್ತದೆ."

ರಂಜಿನಿ ಲೆಕ್ಕ ಹಾಕಿದಳು. ಡ್ರಮ್ಮು ತುಂಬಿದೆ, ಗ್ಯಾಸು ಉರಿಯುತ್ತಿಲ್ಲ. ಅಂದರೆ ತುಂಬಿರುವುದು ಉರಿಯುವ ಗ್ಯಾಸಲ್ಲ.

ಅವಳು ಹೋಗಿ ಹಿತ್ತಲಿನ ಬಾಗಿಲು ತೆರೆದಾಗ ಕಣ್ಣಿಗೆ ಬಿದ್ದದ್ದು ಚೆಂಡುಹೂವಿನ ಹಾರ. ಡ್ರಮ್ಮಿನ ಸುತ್ತ ಎರಡು ಸುತ್ತು ಹಾಕಿತ್ತು. ತೊಟ್ಟಿಗೆ ಅರಿಶಿನ ಕುಂಕುಮ, ಮುಂದೆ ಒಂದು ಹಣತೆ, ಬಾಳೆಲೆಯ ಮೇಲೆ ಬೆಲ್ಲ ಕಲಸಿದ ಅವಲಕ್ಕಿಯ ಉಳಿಕೆ. ಕೊಳವೆಯ ಬಾಯಿ ಜಿಗಿಜಿಗಿ ಎನ್ನುತ್ತಿತ್ತು.

"ಇವತ್ತು ಗೋಪೂಜೆ ಅಲ್ಲವಾ," ಎಂದರು ರಾಜೀವಿ, ಸೆರಗಿಗೆ ಕೈ ಒರಸುತ್ತ. "ನಮ್ಮಲ್ಲಿ ದನಕ್ಕೆ ಇವತ್ತು ಅವಲಕ್ಕಿ ಬೆಲ್ಲ, ಬಾಳೆಹಣ್ಣು ಕೊಡದೆ ನಾವು ಬಾಯಿಗೆ ಏನೂ ಹಾಕುವುದಿಲ್ಲ. ವರ್ಷವಿಡೀ ಇವಳಿಗೆ ಸಿಪ್ಪೆಯೇ ತಿನ್ನಿಸಿದ್ದೇನೆ. ಹಬ್ಬದ ದಿನವೂ ಸಿಪ್ಪೆಯಾ ಅಂತ ಮನಸ್ಸು ಕೇಳಲಿಲ್ಲ."

"ಎಷ್ಟು ಹಾಕಿದ್ರಿ ಅಕ್ಕ?"

"ಇವತ್ತು ಒಂದು ಬಕೆಟು. ಹಬ್ಬ ಶುರುವಾದ ಧನತೇರಸ್‌ನಿಂದ ಸ್ವೀಟಿನ ಪಾಕ ಉಳಿದದ್ದು, ಜಿಲೇಬಿ ಮುರಿದದ್ದು, ಪಾಯಸ ಎಲ್ಲ ಹಾಕ್ತಾ ಬಂದೆ. ಹಾಕಿದ ಹಾಗೆ ಡ್ರಮ್ಮು ಏರ್ತಾ ಇತ್ತು. ಖುಷಿಯಲ್ಲಿದ್ದಾಳೆ ಅಂದುಕೊಂಡೆ."

ರಂಜಿನಿ ಕೆಳಗಿನ ನಲ್ಲಿಯಿಂದ ಒಂದಿಷ್ಟು ರಾಡಿಯನ್ನು ಲೋಟಕ್ಕೆ ಬಿಟ್ಟು ಮೂಸಿದಳು. ಮೂರು ದಿನ ಬಿಟ್ಟ ದೋಸೆ ಹಿಟ್ಟಿನ ವಾಸನೆ. ಲಿಟ್ಮಸ್ ಕಾಗದ ಅದ್ದಿದರೆ ಕೆಂಪಗಾಯಿತು. ಸಿಹಿ ಒಮ್ಮೆಲೆ ಬಿದ್ದು ಹೊಟ್ಟೆ ಹುಳಿಯಾಗಿ, ಉರಿಯುವ ಗ್ಯಾಸು ಮಾಡುವ ಸೂಕ್ಷ್ಮಜೀವಿಗಳು ಸೊರಗಿಹೋಗಿದ್ದವು. ಅದನ್ನು ಅವಳು ರಾಜೀವಿಗೆ ಆದಷ್ಟು ಮೆತ್ತಗೆ ಹೇಳಿದಳು. ಎಷ್ಟು ಮೆತ್ತಗೆ ಹೇಳಿದರೂ ರಾಜೀವಿಯ ಮುಖ ಬಾಡಿತು.

"ಹಾಗಾದರೆ ನಾನೇ ಕೊಂದೆನಾ?"

"ಸತ್ತಿಲ್ಲ ಅಕ್ಕ, ಅಜೀರ್ಣ ಆಗಿದೆ. ತಪ್ಪು ನಂದು. ಹಸು ಅಂದ್ಕೊಳ್ಳಿ ಅಂದಿದ್ದು ನಾನು. ಸಿಹಿ ಆಗ್ಬರಲ್ಲ ಅಂತ ಹೇಳ್ಲಿಲ್ಲ."

ಅವಳು ಹಾಗೆ ಹೇಳಿದ್ದು ಸಮಾಧಾನಕ್ಕಲ್ಲ. ನಿಜವಾಗಿಯೂ ಅವಳ ಮನಸ್ಸು ಆ ದಿನದ ಆ ಒಂದು ಮಾತಿನ ಸುತ್ತಲೇ ಗಾಣದೆತ್ತಿನಂತೆ ತಿರುಗುತ್ತಿತ್ತು. ತಿಳಿದವಳಾಗಿ ಅರ್ಧ ಹೇಳಿದೆನಲ್ಲ. ಬೇರೆ ಯಾರಾದರೂ ನಿಜವಾದ ಎಂಜಿನಿಯರು ಆಗಿದ್ದರೆ ಹೀಗೆ ಮಾಡುತ್ತಿದ್ದರೇ?

ರಾಜೀವಿ ಹಾರವನ್ನು ಬಿಚ್ಚುತ್ತ ತಮ್ಮಷ್ಟಕ್ಕೆ ಎಂಬಂತೆ ಅಂದರು: "ನಿಜವಾದ ದನ ಹೊಟ್ಟೆ ತುಂಬಿದರೆ ಮುಖ ತಿರುಗಿಸ್ತದೆ. ಬೆಲ್ಲವೇ ಹಿಡಿ, ಬಾಯಿ ಹಾಕುವುದಿಲ್ಲ. ಇದು ಮುಖ ತಿರುಗಿಸಲಿಲ್ಲವಲ್ಲ ಮಾರಾಯ್ತಿ."

ಅಷ್ಟರಲ್ಲಿ ಮಧುಕರ ಬಂದ. ಲೋಟ ಮೂಸಿದ, ಮುಖ ಕಿವುಚಿದ, ಗೋಡೆಯ ಆಚೆ ಇದ್ದ ಅಡುಗೆ ಗ್ಯಾಸಿನ ಸಿಲಿಂಡರಿನ ಕಡೆ ನೋಡಿದ.

"ನಾಳಿಗಿ ಬರ್ತಾರ. ಇದು ಎಷ್ಟು ದಿನದಾಗ ಸುದ್ದ ಆಗ್ತದ?"

"ಫೀಡ್ ನಿಲ್ಸಿ, ಸುಣ್ಣದ ತಿಳಿ ಹಾಕಿ, ಹೊಸ ಸಗಣಿ ಕದಡಿದ್ರೆ... ತುಳಸಿ ಪೂಜೆ ಹೊತ್ತಿಗೆ ಆಗ್ಬಹುದು. ಆಗದೇನೂ ಇರ್ಬಹುದು."

"ಮತ್ತ ಒಂದ ಕೆಲಸ ಮಾಡೂಣು. ಸಿಲಿಂಡರ್ ಪೈಪ ಗ್ವಾಡಿ ಹಿಂದಿಂದ ತಂದು ಇದರ ಒಲಿಗಿ ಜೋಡಸೂಣು. ನೀಲಿ ಬೆಂಕಿ ಕಂಡ್ರ ಆತು. ಯಾರ ಬಗ್ಗಿ ನೋಡ್ತಾರ? ಆಮ್ಯಾಲ ಸುದ್ದ ಆಗೇ ಆಗ್ತದಲ್ಲ."

ರಂಜಿನಿಗೆ ಆಸೆಯಾಗದೆ ಇರಲಿಲ್ಲ. ಒಂದು ಜೋಡಣೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಡಬಹುದು. ನಾಳೆಯ ಅವಮಾನ ತಪ್ಪುತ್ತದೆ. ಅವಳು ಪೈಪನ್ನೂ ನೋಡಿದಳು, ರಾಜೀವಿಯ ಕೈಯಲ್ಲಿದ್ದ ಬಾಡಿದ ಹಾರವನ್ನೂ ನೋಡಿದಳು.

"ಬೇಡ ಸರ್," ಅಂದಳು. "ನಾಳೆ ಬರೋರೂ ರಾಜೀವಕ್ಕನ ಕಡೆಯವರೇ. ಅವರ ಮನೇಲೂ ಗೋಪೂಜೆ ಮಾಡ್ತಾರೆ. ನಾಳೆ ಮುಚ್ಚಿಟ್ಟು ಕೊಟ್ರೆ ಮುಂದಿನ ದೀಪಾವಳಿಗೆ ಒಂದಲ್ಲ, ಎಲ್ಲಾ ತೊಟ್ಟಿನೂ ಕೆಡ್ತವೆ. ಆಮೇಲೆ ಕಾಯಿಲೆ ಏನು ಅಂತಾನೂ ಗೊತ್ತಾಗಲ್ಲ. ತೊಟ್ಟಿ ಬಗ್ಗೆ ಯಾರೂ ನಂಬಿಕೆ ಇಡಲ್ಲ."

"ಹಂಗಾರ ನಾಳಿಗಿ ಏನ ತೋರಸ್ತಿ? ಹುಳಿ ನೀರು?"

"ಹೌದು. ಅದ್ರ ಜೊತೆಗೆ ಇನ್ನೊಂದು ಇದೆ. ವರ್ಕ್‌ಶಾಪ್ ಬೀಗದ ಕೈ ಕೊಡಿ."

"ಪಾಡ್ಯದ ದಿನ ಶಟರ್ ತಗೀಬೇಕೇನು? ನನ್ನ ಹೆಂಡತಿ ನನ್ನ ಶಟರ್ ಎಳೀತಾಳ," ಎಂದು ಗೊಣಗಿದ. ಆದರೆ ಗಾಡಿಯನ್ನು ಭೋಸರಿಯ ಕಡೆಗೇ ತಿರುಗಿಸಿದ.

ಅವಳ ತಲೆಯಲ್ಲಿ ಮೂಡಿದ್ದು ದೊಡ್ಡ ವಿದ್ಯೆಯೇನಲ್ಲ. ಪಾಯಿಖಾನೆಯ ಫ್ಲಶ್ ಟ್ಯಾಂಕಿನಲ್ಲಿ ನೀರು ತುಂಬುತ್ತಿದ್ದಂತೆ ಚೆಂಡು ಮೇಲೆದ್ದು ನಲ್ಲಿಯನ್ನು ಮುಚ್ಚುತ್ತದೆ. ಇಲ್ಲಿ ಚೆಂಡಿನ ಬದಲು ಡ್ರಮ್ಮೇ ಇದೆ. ಅದಕ್ಕೊಂದು ಸರಳು ಕೂಡಿಸಿ, ಕೊಳವೆಯ ಬಾಯಿಗೊಂದು ತಗಡಿನ ಮುಚ್ಚಳ ಹಚ್ಚಿದರೆ? ಡ್ರಮ್ಮು ಒಂದು ಮಟ್ಟ ದಾಟಿ ಏರಿದಾಗ ಸರಳು ಮುಚ್ಚಳವನ್ನು ಎಳೆದು ಬಾಯಿ ಮುಚ್ಚುತ್ತದೆ. ಗ್ಯಾಸು ಖರ್ಚಾಗಿ ಡ್ರಮ್ಮು ಇಳಿದ ಮೇಲೆಯೇ ಬಾಯಿ ತೆರೆಯುತ್ತದೆ. ಕರೆಂಟು ಬೇಡ, ಬ್ಯಾಟರಿ ಬೇಡ. ಮೊದಲ ದಿನದ ಪಾಕಕ್ಕೆ ಡ್ರಮ್ಮು ಏರಿದಾಗಲೇ ಕಪಿಲೆ ಮುಖ ತಿರುಗಿಸಿದ್ದರೆ, ಈ ಅಜೀರ್ಣವೇ ಆಗುತ್ತಿರಲಿಲ್ಲ.

ಮಧುಕರ ಸರಳು ಹಿಡಿದುಕೊಂಡ, ಅವಳು ಬೆಸೆದಳು. ಬೀಗರ ಮನೆಯ ಹಬ್ಬದೂಟಕ್ಕೆಂದು ಮಧುಕರ ತೊಟ್ಟಿದ್ದ ಹೊಸ ಅಂಗಿಯ ಮೇಲೆ ಕಿಡಿ ಬಿದ್ದು ಅದರ ತೋಳಲ್ಲೊಂದು ತೂತಾಯಿತು. ಅವನು ಅದನ್ನು ನೋಡಿಯೂ ನೋಡದವನಂತೆ ಇದ್ದ. ರಂಜಿನಿಗೆ ಅದು ತುಸು ಧೈರ್ಯ ಕೊಟ್ಟಿತು. ರಾತ್ರಿಯೇ ಸರಳು, ಮುಚ್ಚಳವನ್ನು ಹಿತ್ತಲಿಗೆ ತಂದು ಕಪಿಲೆಗೆ ಬೋಲ್ಟಿನಿಂದ ಕೂಡಿಸಿದರು.

ಮಾರನೆಯ ದಿನ ಅಕ್ಕ ಆರತಿ ಎತ್ತಿ, ತಮ್ಮ ಉಡುಗೊರೆ ಕೊಟ್ಟು, ಊಟವಾದ ಮೇಲೆ, ಜೊತೆಗೆ ಬಂದಿದ್ದ ಆ ಇಬ್ಬರು ಹೋಟೆಲಿನವರೂ ಸೇರಿ ಎಲ್ಲರೂ ಹಿತ್ತಲಿಗೆ ಬಂದರು. ಲತೇಶ್ ಹಲ್ಲುಕಡ್ಡಿ ಆಡಿಸುತ್ತ ಡ್ರಮ್ಮಿನ ಮೇಲೆ ತಟ್ಟಿದ.

"ಎಲ್ಲಿ ಬಾವ, ನಿಮ್ಮ ಕಪಿಲೆಯ ಹಾಲು ಕರೆಯಿರಿ ನೋಡುವ."

ಸದಾನಂದರು ರಂಜಿನಿಯ ಕಡೆ ನೋಡಿದರು. ಅವಳು ಒಲೆಯ ಕೀಲಿ ತಿರುಗಿಸಿ ಕಡ್ಡಿ ಗೀರಿದಳು. ಕಡ್ಡಿ ಆರಿತು. ಇನ್ನೊಂದನ್ನು ಗೀರಿದಳು. ಅದೂ ಆರಿತು.

"ಇವತ್ತು ಉರಿಯಲ್ಲ," ಎಂದಳು. ಆಮೇಲೆ ಏಕೆ ಉರಿಯುವುದಿಲ್ಲ ಎಂಬುದನ್ನು ಮೊದಲಿಂದ ಹೇಳಿದಳು. ತಾನು ಅರ್ಧ ಹೇಳಿದ್ದನ್ನೂ ಹೇಳಿದಳು. ರಾಜೀವಿ ನಡುವೆ ಬಾಯಿ ಹಾಕಿದರು: "ಹುಡುಗಿಯದು ಎಂತ ತಪ್ಪು? ಬೆಲ್ಲ ಸುರಿದದ್ದು ನಾನು."

ಲತೇಶ್ ನಗು ತಡೆಯಲಾರದೆ ಗೋಡೆ ಹಿಡಿದ. "ಬಾವನಿಗೆ ಶುಗರ್ ತರಿಸಿದ್ದು ಸಾಲದು ಅಂತ ಈಗ ಟ್ಯಾಂಕಿಗೂ ತರಿಸಿದೆಯಾ ಅಕ್ಕ?"

"ನೀನು ಸುಮ್ಮನಿರು. ನಿನ್ನ ಹೆಂಡತಿಯಾದರೆ ಜಿಲೇಬಿ ಜೊತೆ ರಬ್ಡಿಯೂ ಹಾಕ್ತಿದ್ದಳು."

ಲತೇಶನ ನಗು ನಿಂತಿತು. ಅವನು ವ್ಯಾಪಾರಿ, ಮಾತಿನ ಒಳಗಿನ ತಿರುಳು ಅವನಿಗೆ ತಕ್ಷಣ ಕಂಡಿತು. "ಅದು ಹೌದು. ಹಾಕಿಯೇ ಹಾಕ್ತಾಳೆ. ಆಗ ನಾನೆಂತ ಮಾಡುವುದು?"

ರಂಜಿನಿ ಸರಳು, ಮುಚ್ಚಳವನ್ನು ತೋರಿಸಿದಳು. ಡ್ರಮ್ಮು ಇನ್ನೂ ಮೇಲೆಯೇ ಇತ್ತು. ಕೊಳವೆಯ ಬಾಯಿ ಮುಚ್ಚಿತ್ತು. ಅವನು ಬಗ್ಗಿ ನೋಡಿದ. ಹೊರಡುವಾಗ, "ತುಳಸಿ ಪೂಜೆಗೆ ಬರ್ತೇನೆ. ಒಲೆ ಹಿಡಿದರೆ ಮಾತಾಡುವ. ಇಲ್ಲದಿದ್ದರೆ ಅಕ್ಕನ ಪಾಯಸ ಉಂಡು ಹೋಗ್ತೇನೆ. ನನಗೇನೂ ಲುಕ್ಸಾನಿಲ್ಲ," ಎಂದ.

ಮುಂದಿನ ದಿನಗಳಲ್ಲಿ ಕಪಿಲೆಗೆ ಪಥ್ಯ. ಕೆಟ್ಟ ಗ್ಯಾಸನ್ನು ಬಯಲಿಗೆ ಬಿಟ್ಟರು. ಸುಣ್ಣದ ತಿಳಿನೀರು ತುಸುತುಸುವಾಗಿ ಹೊಟ್ಟೆಗಿಳಿಯಿತು. ಎಮ್ಮೆ ಕಟ್ಟುವ ಗೋಠಾಕ್ಕೆ ಹೋಗಿ ರಂಜಿನಿಯೇ ಹಸಿ ಸಗಣಿ ತಂದು ಕದಡಿದಳು. ಕೆಲಸ ಮುಗಿಸಿ ಚಿಂಚವಾಡಕ್ಕೆ ಬಂದು ಲಿಟ್ಮಸ್ ಅದ್ದುವುದು, ಒಮ್ಮೆ ಅದ್ದಿದ್ದನ್ನು ನಂಬದೆ ಮತ್ತೊಮ್ಮೆ ಅದ್ದುವುದು. ರಾಜೀವಿ ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡರು. ಚಳಿ ತಾಗಬಾರದೆಂದು ಗೋಣಿಚೀಲ ಹೊದಿಸಿದರು. "ಇದು ಸರಿಯಾ ಮಗಾ?" ಎಂದು ಕೇಳಿಯೇ ಹೊದಿಸಿದರು. ಸರಿಯೇ ಆಗಿತ್ತು, ಬೆಚ್ಚಗಿದ್ದಷ್ಟೂ ಸೂಕ್ಷ್ಮಜೀವಿಗಳಿಗೆ ಒಳ್ಳೆಯದು. ಹುಳಿ ವಾಸನೆ ದಿನದಿನಕ್ಕೆ ಇಳಿಯಿತು. ಕಾಗದ ಕೆಂಪಾಗುವುದನ್ನು ಬಿಟ್ಟಿತು. ತಳಕ್ಕೆ ಕೂತಿದ್ದ ಡ್ರಮ್ಮು ಒಂದು ಬೆಳಿಗ್ಗೆ ಬೆರಳಗಲ ಎದ್ದಿತ್ತು. ಕೊಂಚ ಕೊಂಚವಾಗಿ ಸಿಪ್ಪೆ ಉಣಿಸತೊಡಗಿದರು. ಆದರೂ ರಂಜಿನಿ ಕಡ್ಡಿ ಗೀರಲಿಲ್ಲ. ಗೀರಿ ಆರಿಬಿಟ್ಟರೆ ಎಂಬ ಭಯ.

ತುಳಸಿ ಪೂಜೆಯ ಸಂಜೆ ಲತೇಶ್ ಬಂದ, ಆ ಇಬ್ಬರೂ ಬಂದರು. ಕಟ್ಟೆಯ ತುಳಸಿಗೆ ನೆಲ್ಲಿಯ ಟೊಂಗೆ ಸಿಕ್ಕಿಸಿ, ದೀಪ ಹಚ್ಚಿ, ಪೂಜೆಯಾಯಿತು. ಆಮೇಲೆ ಎಲ್ಲರೂ ಒಲೆಯ ಸುತ್ತ ನಿಂತರು. ಮಧುಕರ ಎಂದಿನಂತೆ ಹಾಸ್ಯ ಮಾಡಲಿಲ್ಲ. ಬೆಂಕಿಪೊಟ್ಟಣವನ್ನು ಅವಳ ಕೈಗಿತ್ತು ಹಿಂದೆ ಸರಿದ.

ಅವಳು ಕೀಲಿ ತಿರುಗಿಸಿದಳು. ಕಡ್ಡಿ ಗೀರಿದಳು. ಭುಸ್ಸೆಂದು ಒಲೆಯ ಸುತ್ತ ನೀಲಿ ಉಂಗುರವೊಂದು ಕೂತಿತು. ಗಾಳಿಗೆ ಒಮ್ಮೆ ಬಾಗಿತು, ಮತ್ತೆ ನೆಟ್ಟಗಾಯಿತು. ಸದಾನಂದರು ಇಡ್ಲಿ ಪಾತ್ರೆಯನ್ನು ತಂದು ಅದರ ಮೇಲಿಟ್ಟರು. ಹಬೆ ಏಳುವವರೆಗೆ ಯಾರೂ ಕದಲಲಿಲ್ಲ.

ಲತೇಶನಿಗೆ ಅಷ್ಟು ಸಾಲಲಿಲ್ಲ. ಒಲೆ ಆರಿಸಿ, ಡ್ರಮ್ಮು ಎಷ್ಟರವರೆಗೆ ಏರಿದರೆ ಬಾಯಿ ಮುಚ್ಚುತ್ತದೆಂದು ಕೇಳಿದ. ಆ ಮಟ್ಟದವರೆಗೆ ಡ್ರಮ್ಮನ್ನು ತಾನೇ ತೋಳಿನಿಂದ ಎತ್ತಿ ಹಿಡಿದ. ತಗಡು ಟಪ್ಪೆಂದು ಮುಚ್ಚಿಕೊಂಡಿತು. ರಾಜೀವಿ ಬೇಕೆಂದೇ ಪಾಯಸದ ಸೌಟು ತಂದು ಕೊಳವೆಯ ಬಾಯಿಗೆ ಹಿಡಿದರು. ಪಾಯಸ ತಗಡಿನ ಮೇಲೆ ಹರಿದು ನೆಲಕ್ಕೆ ಬಿತ್ತು.

"ಓ ನೋಡಿ, ಮುಖ ತಿರುಗಿಸಿದಳು," ಎಂದರು ರಾಜೀವಿ. ಸೋತವರ ಧ್ವನಿಯಲ್ಲ, ಮಗಳು ಮೊದಲ ಸಲ ಎದುರುತ್ತರ ಕೊಟ್ಟಾಗ ಒಳಗೊಳಗೇ ಹಿಗ್ಗುವ ತಾಯಿಯ ಧ್ವನಿ.

"ನಿನಗಿಂತ ಹಟ ಉಂಟು ಇದಕ್ಕೆ," ಎಂದ ಲತೇಶ್, ಕೈ ಕೊಡವುತ್ತ. ರಂಜಿನಿಯ ಕಡೆ ತಿರುಗಿ, "ಕಾತ್ರಜದಲ್ಲಿ ನನಗೆ ಇದರ ಎರಡರಷ್ಟು ದೊಡ್ಡದು ಬೇಕು. ಮುಚ್ಚಳ ಬೇಕೇ ಬೇಕು. ಅವತ್ತು ನೀನು ಒಲೆ ಹೊತ್ತಿಸಿ ತೋರಿಸಿದ್ದರೆ ನಾನು ಯೋಚನೆ ಮಾಡಿ ಹೇಳ್ತೇನೆ ಅಂತ ಹೋಗ್ತಿದ್ದೆ. ಕೆಟ್ಟದ್ದನ್ನು ತೋರಿಸಿ, ಸರಿ ಮಾಡಿಯೂ ತೋರಿಸಿದೆ. ಅದಕ್ಕೆ ಹೇಳಿದ್ದು," ಎಂದ. ಉಳಿದಿಬ್ಬರೂ ತಮ್ಮ ಹಿತ್ತಲಿನ ಉದ್ದಗಲ ಹೇಳಲು ಶುರುಮಾಡಿದರು.

ಕಾತ್ರಜದ ತೊಟ್ಟಿ ಭೋಸರಿಯಲ್ಲಿ ಸಿದ್ಧವಾದ ದಿನ ಮಧುಕರ ಅಕ್ಷರ ಒತ್ತುವ ಉಳಿಗಳ ಪೆಟ್ಟಿಗೆ ತಂದಿಟ್ಟ. ವರ್ಕ್‌ಶಾಪಿನ ಹೆಸರನ್ನು ತಾನೇ ಒತ್ತಿ, ಅದರ ಕೆಳಗೆ ಜಾಗ ಬಿಟ್ಟು, ಸುತ್ತಿಗೆಯನ್ನು ಅವಳಿಗೆ ಕೊಟ್ಟ.

"ನಿಂದು ಹಾಕು."

"ನಂದ್ಯಾಕೆ ಸರ್?"

"ನಕ್ಷಾ ಯಾರದು? ಮುಖ ತಿರುಗ್ಸೂದು ಕಲಿಸಿದ್ದ ಯಾರು? ಹಾಕವಾ. ಹೆಸರು ಹಾಕಿದ್ರ ನಾಳಿಗಿ ಕೆಟ್ರ ನಿನಗ ಬೈತಾರ, ನನಗ ಅಲ್ಲ. ನಂದೂ ಸ್ವಾರ್ಥ ಅದ."

ಅವಳು ಮೊದಲ ಅಕ್ಷರದ ಉಳಿಯನ್ನು ಇಟ್ಟು, ತೆಗೆದು, ಮತ್ತೆ ಇಟ್ಟಳು. ಕಬ್ಬಿಣದ ಮೇಲೆ ಒಮ್ಮೆ ಬಿದ್ದದ್ದನ್ನು ಅಳಿಸಲಾಗದು. ಉಸಿರು ಹಿಡಿದು ಹೊಡೆದಳು. ಅಕ್ಷರ ಕೂದಲೆಳೆಯಷ್ಟು ವಾಲಿತು. ಅವಳು ಮಧುಕರನ ಮುಖ ನೋಡಿದಳು.

"ಇರ್ಲಿ," ಎಂದ ಅವನು. "ಮುಂದಿಂದು ಹೊಡಿ."

ಸಂಜೆ ಟೆಂಪೊ ತೊಟ್ಟಿಯನ್ನು ಹೊತ್ತು ಕಾತ್ರಜದ ಕಡೆಗೆ ಹೊರಟಿತು. ರಂಜಿನಿ ಗೇಟಿನವರೆಗೆ ಬಂದಳು. ಹಗ್ಗದ ಗಂಟು ಬಿಗಿದಿದೆಯೋ ಇಲ್ಲವೋ ಎಂದು ಟೆಂಪೊ ನಿಲ್ಲಿಸಿ ಒಮ್ಮೆ ಎಳೆದು ನೋಡಿದಳು. ಬಿಗಿದೇ ಇತ್ತು. ವಾಲಿದ ಅಕ್ಷರದ ತನ್ನ ಹೆಸರು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಮತ್ತೆ ನೋಡಿ ಬರಬೇಕೆಂಬ ಮನಸ್ಸಾಗದೆ ಒಳಗೆ ಹೋದಳು.